ಏರಿಯ ಮೇಲಿನ ಎಣಿಕೆ ಜಗತ್ತಿನ ಕಡತಕ್ಕೆ ಸೇರಬೇಕಾದರೆ: ಮಾಗಡಿ ಕೆರೆಯಿಂದ ಶುರುವಾಗುವ ಒಂದು ಕೈಪಿಡಿ

ಅಂತರರಾಷ್ಟ್ರೀಯ ಸಂಸ್ಥೆಗಳು ಜೀವವೈವಿಧ್ಯದ ಮೇಲೆ ಕಣ್ಣಿಟ್ಟಿವೆ ಎಂದಾಗ ಜಿನೀವಾದಿಂದಲೋ ನ್ಯೂಯಾರ್ಕಿನಿಂದಲೋ ಯಾರೋ ಬಂದು ಎಣಿಸಿಕೊಂಡು ಹೋಗುತ್ತಾರೆ ಎಂದುಕೊಳ್ಳುವವರೇ ಹೆಚ್ಚು. ಯಾರೂ ಬರುವುದಿಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯ ಹಕ್ಕಿಗಳನ್ನು ಎಣಿಸಬೇಕಾದವರು ಗದಗ, ಲಕ್ಷ್ಮೇಶ್ವರ, ಹುಬ್ಬಳ್ಳಿ, ಧಾರವಾಡದ ಜನರೇ. ಆ ಸಂಸ್ಥೆಗಳು ಮಾಡುವುದು ಎಲ್ಲ ಕಡೆಯ ಎಣಿಕೆಯನ್ನು ಒಂದೇ ಅಳತೆಗೋಲಿಗೆ ತಂದು ಕೂಡಿಸುವ ಕೆಲಸ. ನಮ್ಮ ಅಂಕಿ ಆ ಅಳತೆಗೋಲಿಗೆ ಹೊಂದದಿದ್ದರೆ ಅದು ಡೈರಿಯಲ್ಲೇ ಉಳಿಯುತ್ತದೆ.

ಅಂಕಿ ಹೋಗುವ ದಾರಿ ಹೀಗಿದೆ. ಜಲಪಕ್ಷಿಗಳ ಅಂತರರಾಷ್ಟ್ರೀಯ ಗಣತಿ 1967ರಿಂದ ನಡೆಯುತ್ತಿದೆ. ಅದರ ಏಷ್ಯಾದ ಭಾಗವಾದ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ 1987ರಲ್ಲಿ ಶುರುವಾಯಿತು. ಇದನ್ನು ನಡೆಸುವುದು ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್. ಭಾರತದಲ್ಲಿ ಅದರ ಜೊತೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇದೆ. ಈ ಎಣಿಕೆಗಳಿಂದ ಒಂದೊಂದು ಜಾತಿಯ ಒಟ್ಟು ಸಂಖ್ಯೆಯ ಅಂದಾಜು ಹೊರಡುತ್ತದೆ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಎಂದು ಹೇಳುವ ಐಯುಸಿಎನ್ ಕೆಂಪು ಪಟ್ಟಿಗೆ ಹಕ್ಕಿಗಳ ಮೌಲ್ಯಮಾಪನ ಮಾಡುವ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಇದೇ ಅಂದಾಜುಗಳನ್ನು ನೋಡುತ್ತದೆ. ಜೌಗು ಪ್ರದೇಶಗಳನ್ನು ಉಳಿಸುವ ರಾಮ್ಸಾರ್ ಒಪ್ಪಂದದ ಕೆಳಗೆ ಒಂದು ಕೆರೆ ಅಂತರರಾಷ್ಟ್ರೀಯ ಮಹತ್ವದ್ದು ಹೌದೋ ಅಲ್ಲವೋ ಎಂದು ತೀರ್ಮಾನಿಸುವಾಗಲೂ ಇವೇ ಅಂಕಿಗಳು ಬೇಕು.

ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದದ್ದು 2024ರ ಜನವರಿ ಕೊನೆಗೆ, ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆಗೆ. ನೀರಾವರಿಗೆಂದು ಕಟ್ಟಿಸಿದ, ಸುಮಾರು 50 ಹೆಕ್ಟೇರಿನ ಕೆರೆ ಇದು. 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಇಲ್ಲಿ ದಾಖಲಾಗಿವೆ, ಚಳಿಗಾಲದಲ್ಲಿ ಬರುವ ಹಕ್ಕಿಗಳ ಅಂದಾಜು 8,000. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು, ಅಂದರೆ ಬಾರ್ ಹೆಡೆಡ್ ಗೂಸ್, ದೊಡ್ಡ ಸಂಖ್ಯೆಯಲ್ಲಿ ಚಳಿಗಾಲ ಕಳೆಯುವ ನೆಲೆಗಳಲ್ಲಿ ಇದೂ ಒಂದು. ಈ ಮಾಹಿತಿಯೂ ಯಾರೋ ಏರಿಯ ಮೇಲೆ ನಿಂತು ಎಣಿಸಿದ್ದರಿಂದಲೇ ಸಿಕ್ಕಿದ್ದು.

ಹೊರಡುವ ಮೊದಲು

ಗಣತಿ ನಡೆಯುವುದು ಜನವರಿಯಲ್ಲಿ. ಆ ವರ್ಷದ ದಿನಾಂಕಗಳನ್ನು ರಾಜ್ಯ ಸಂಯೋಜಕರಿಂದ ಕೇಳಿಕೊಳ್ಳಿ. ಜನವರಿಯೇ ಏಕೆ ಎಂದರೆ, ವಲಸೆ ಹಕ್ಕಿಗಳು ಅಷ್ಟೊತ್ತಿಗೆ ಬಂದು ನೆಲೆ ನಿಂತಿರುತ್ತವೆ, ಊರೂರು ಅಲೆಯುವುದು ಕಡಿಮೆ. ನವೆಂಬರಿನಲ್ಲಿ ಎಣಿಸಿದರೆ ಇಂದು ಮಾಗಡಿಯಲ್ಲಿ ಕಂಡ ಹಿಂಡು ಎರಡು ದಿನಕ್ಕೆ ಬೇರೆ ಕೆರೆಯಲ್ಲಿ ಮತ್ತೆ ಲೆಕ್ಕಕ್ಕೆ ಬರಬಹುದು.

ಮಾಗಡಿ ಕೆರೆ ಸಂರಕ್ಷಣಾ ಮೀಸಲು ಪ್ರದೇಶವಾದ್ದರಿಂದ ಗದಗ ಅರಣ್ಯ ವಿಭಾಗಕ್ಕೆ ಒಂದು ವಾರ ಮೊದಲೇ ಪತ್ರ ಕೊಡಿ. ಉಣಕಲ್, ಕೆಲಗೇರಿ, ಹಾವೇರಿಯ ಹೆಗ್ಗೇರಿಯಂಥ ಕೆರೆಗಳಿಗೆ ಇಷ್ಟು ಕಾಗದಪತ್ರ ಬೇಕಾಗಲಿಕ್ಕಿಲ್ಲ, ಆದರೂ ಸ್ಥಳೀಯ ಸಂಸ್ಥೆಗೆ ತಿಳಿಸಿ ಹೋಗುವುದು ಒಳ್ಳೆಯದು.

ಬೈನಾಕ್ಯುಲರ್ 8×42 ಇರಲಿ. 10×42 ಹೆಚ್ಚು ದೊಡ್ಡದಾಗಿ ತೋರಿಸುತ್ತದೆ ನಿಜ, ಆದರೆ ಕೈಯ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಅರ್ಧ ತಾಸು ಎತ್ತಿ ಹಿಡಿದು ಎಣಿಸುವವರಿಗೆ 8×42 ಸುಲಭ. ಆಚೆ ದಂಡೆಯ ಬಾತುಗಳನ್ನು ಗುರುತಿಸಲು 20–60 ಪಟ್ಟು ತೋರಿಸುವ ಸ್ಪಾಟಿಂಗ್ ಸ್ಕೋಪ್ ಮತ್ತು ಗಟ್ಟಿ ಟ್ರೈಪಾಡ್ ಬೇಕೇ ಬೇಕು. ತಂಡದಲ್ಲಿ ಯಾರ ಬಳಿಯೂ ಇಲ್ಲದಿದ್ದರೆ ಬೇರೆ ತಂಡದಿಂದ ಒಂದು ದಿನದ ಮಟ್ಟಿಗೆ ತನ್ನಿ. ಬೆರಳಿಂದ ಒತ್ತುವ ಟ್ಯಾಲಿ ಕೌಂಟರ್ ಎರಡು, ಪೆನ್ಸಿಲ್, ಗಟ್ಟಿ ರಟ್ಟಿನ ವಹಿ. ಇಬ್ಬನಿಗೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ.

ಹಿಂದಿನ ದಿನ ಒಮ್ಮೆ ಕೆರೆ ಸುತ್ತಿ ಬನ್ನಿ. ತೂಬು, ಕೋಡಿ, ಏರಿಯ ತಿರುವು, ದೊಡ್ಡ ಜಾಲಿ ಗಿಡ ಹೀಗೆ ಮುಂದಿನ ವರ್ಷವೂ ಇದ್ದಲ್ಲೇ ಇರುವ ಗುರುತುಗಳನ್ನು ಹಿಡಿದು ಕೆರೆಯನ್ನು ಮೂರೋ ನಾಲ್ಕೋ ಪಾಲು ಮಾಡಿ, ನಕ್ಷೆ ಗೀಚಿಕೊಳ್ಳಿ. ಒಂದೊಂದು ಪಾಲಿಗೆ ಇಬ್ಬರು: ಒಬ್ಬರು ಕಣ್ಣು ತೆಗೆಯದೆ ಎಣಿಸುವವರು, ಇನ್ನೊಬ್ಬರು ಬರೆಯುವವರು. ನೋಡುವುದು, ಬರೆಯುವುದು ಎರಡನ್ನೂ ಒಬ್ಬರೇ ಮಾಡಿದರೆ, ವಹಿ ನೋಡಿ ತಲೆ ಎತ್ತುವಷ್ಟರಲ್ಲಿ ಹಿಂಡಿನ ಯಾವ ತುದಿಯಲ್ಲಿದ್ದೆವೆಂಬುದು ಮರೆತಿರುತ್ತದೆ.

ಎಣಿಸುವುದು

ಹೆಬ್ಬಾತುಗಳು ಸಂಜೆ ಹೊತ್ತು ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ ಮೇಯಲು ಹೋಗಿ ಬೆಳಗಿನ ಹೊತ್ತಿಗೆ ಕೆರೆಗೆ ಮರಳುತ್ತವೆ. ಸೂರ್ಯ ಮೂಡುವಾಗಲೇ ಎಣಿಸಿ ಮುಗಿಸಿದರೆ ಇನ್ನೂ ಹೊಲದಲ್ಲಿರುವ ಹಿಂಡು ತಪ್ಪಿಹೋಗುತ್ತದೆ. ಹತ್ತು ಗಂಟೆ ದಾಟಿದರೆ ನೀರಿನ ಮೇಲೆ ಬಿಸಿಲಿನ ಝಳ ಕುಣಿಯತೊಡಗುತ್ತದೆ, ಸ್ಕೋಪಿನಲ್ಲಿ ಎಲ್ಲ ಬಾತುಗಳೂ ಕಲಸಿಹೋದ ಕಪ್ಪು ಚುಕ್ಕೆಗಳು. ಇವೆರಡರ ನಡುವಿನ ಎರಡು ತಾಸೇ ನಿಮ್ಮದು. ಆ ಹೊತ್ತಿಗೆ ಸೂರ್ಯ ಬೆನ್ನ ಹಿಂದೆ ಇರಬೇಕು, ಅಂದರೆ ಪೂರ್ವದ ದಂಡೆಯಿಂದ ಪಶ್ಚಿಮಕ್ಕೆ ನೋಡಬೇಕು.

ಮೊದಲು ಎಣಿಸದೆ ಒಂದು ಸಲ ಎಡದಿಂದ ಬಲಕ್ಕೆ ನಿಧಾನ ನೋಡಿ. ಏನೇನಿವೆ, ಎಲ್ಲಿ ಒತ್ತಾಗಿವೆ ಎಂದು ಅಂದಾಜಾಗಲಿ. ಬಣ್ಣದ ಕೊಕ್ಕರೆ, ಹಾವಕ್ಕಿಯಂಥ ಬಿಡಿ ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ. ಹೆಬ್ಬಾತು, ಸೂಜಿಬಾಲದ ಬಾತು, ನಾಮದ ಕೋಳಿಗಳ ದೊಡ್ಡ ಹಿಂಡಿಗೆ ಗುಂಪು ಲೆಕ್ಕವೇ ಸರಿ. ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಕಣ್ಣಿಗೆ ಎಷ್ಟು ಜಾಗ ತುಂಬುತ್ತವೆ ಎಂದು ಹಿಡಿಯಿರಿ. ಅಂಥ ಹತ್ತು ಜಾಗ ಸೇರಿಸಿ ನೂರರ ಅಳತೆ ಮಾಡಿಕೊಳ್ಳಿ. ಆಮೇಲೆ ನೂರು, ಇನ್ನೂರು, ಮುನ್ನೂರು ಎಂದು ಸಾಗಿ.

ತಪ್ಪುವುದು ಇಲ್ಲೇ. ದೊಡ್ಡ ಹಿಂಡನ್ನು ಕಂಡವರು ಹೆಚ್ಚು ಬರೆಯುತ್ತಾರೆ ಎಂದು ನಮಗೆ ಅನಿಸುತ್ತದೆ, ಆದರೆ ಸಾಮಾನ್ಯವಾಗಿ ಆಗುವುದು ಉಲ್ಟಾ. ಹಿಂಡಿನ ನಡುಭಾಗ ಅಂಚಿಗಿಂತ ಒತ್ತಾಗಿರುತ್ತದೆ. ಅಂಚಿನಲ್ಲಿ ಹಿಡಿದ ಅಳತೆಯನ್ನೇ ನಡುವಿಗೂ ಹಾಕಿದರೆ ನೀವು ನೂರು ಎಂದುಕೊಂಡ ಜಾಗದಲ್ಲಿ 130 ಇರುತ್ತವೆ. ಇಪ್ಪತ್ತು ಗುಂಪಿಗೆ ನೀವು ಬರೆಯುವುದು 2,000, ಅಲ್ಲಿರುವುದು 2,600. ಅದಕ್ಕೇ ನಡುವಿನಲ್ಲಿ ಇನ್ನೊಮ್ಮೆ ಹತ್ತರ ಅಳತೆ ಹಿಡಿಯಬೇಕು. ಒಂದೇ ಹಿಂಡನ್ನು ಇಬ್ಬರು ಪರಸ್ಪರ ಹೇಳದೆ ಎಣಿಸಿ. ಹತ್ತಕ್ಕೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಎಣಿಸಿ, ಕೂತು ಸರಾಸರಿ ತೆಗೆದು ರಾಜಿ ಮಾಡಿಕೊಳ್ಳಬೇಡಿ. ಸ್ವಲ್ಪ ಸ್ವಲ್ಪ ಒಂದರ ಮೇಲೊಂದು ಬರುವಂತೆ ಸಾಲಾಗಿ ಫೋಟೋ ತೆಗೆದಿಟ್ಟರೆ ಮನೆಯಲ್ಲಿ ಪರದೆಯ ಮೇಲೆ ಚುಕ್ಕೆ ಇಟ್ಟು ಎಣಿಸಿ ತಾಳೆ ನೋಡಬಹುದು.

ಜೌಗು ಸೆಳೆವ, ಅಂದರೆ ಮಾರ್ಷ್ ಹ್ಯಾರಿಯರ್ ಎಂಬ ಬೇಟೆಹಕ್ಕಿಯೊಂದು ಮೇಲೆ ಹಾರಿದರೆ ಹಿಂಡು ಹಿಂಡೇ ಎದ್ದು ಬೇರೆ ಪಾಲಿಗೆ ಹೋಗಿ ಕೂರುತ್ತದೆ. ಎದ್ದ ಹೊತ್ತು ಮತ್ತು ದಿಕ್ಕನ್ನು ಎಲ್ಲ ತಂಡಗಳೂ ಬರೆದಿಟ್ಟರೆ ಎರಡು ಸಲ ಎಣಿಸಿದ್ದನ್ನು ಆಮೇಲೆ ಕಳೆಯಬಹುದು. ಯಾವ ಬಾತು ಎಂದು ಗೊತ್ತಾಗದಿದ್ದರೆ ‘ಬಾತು, ಜಾತಿ ತಿಳಿಯದು, 140’ ಎಂದು ಬರೆಯಿರಿ. ಊಹೆಗಿಂತ ಇದಕ್ಕೆ ಬೆಲೆ ಹೆಚ್ಚು.

ಈ ಮಾತು ಕಾಮನ್ ಪೋಚರ್ಡ್ ವಿಷಯದಲ್ಲಿ ಬಹಳ ಮುಖ್ಯ. ಮಾಗಡಿಯಲ್ಲಿ ಕಾಣುವ ಈ ಬಾತು 2015ರಿಂದ ಕೆಂಪು ಪಟ್ಟಿಯಲ್ಲಿ ‘ಅಪಾಯಕ್ಕೀಡಾಗಬಲ್ಲ’ ವರ್ಗದಲ್ಲಿದೆ. ಯುರೋಪಿನ ಚಳಿಗಾಲದ ಗಣತಿಗಳಲ್ಲಿ ಅದರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿದದ್ದು ಕಾಣದಿದ್ದರೆ ಇನ್ನೂ ಸಾಮಾನ್ಯ ಬಾತುಗಳ ಸಾಲಿನಲ್ಲೇ ಇರುತ್ತಿತ್ತು. ಗಂಡಿನ ತಲೆ ಕೆಂಗಂದು, ಎದೆ ಕಪ್ಪು, ಮೈ ಬೂದು, ಕೊಕ್ಕು ಗಾಢ ಬೂದು, ನಡುವೆ ತಿಳಿ ಪಟ್ಟಿ. ರೆಡ್ ಕ್ರೆಸ್ಟೆಡ್ ಪೋಚರ್ಡ್‌ನ ಗಂಡಿನ ತಲೆಯೂ ಕೆಂಪೇ, ಆದರೆ ಅದರ ಕೊಕ್ಕು ಹವಳದಂತೆ ಕೆಂಪು. ತಲೆಯ ಬಣ್ಣವನ್ನಷ್ಟೇ ನೋಡಿ ಬರೆಯುವವರು ಎರಡನ್ನೂ ಒಂದು ಮಾಡಿಬಿಡುತ್ತಾರೆ.

ಅಂಕಿಯನ್ನು ಏರಿಸುವುದು

ಜಾತಿವಾರು ಎಣಿಕೆ ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಹೋಗಲಿ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ 2002ರಲ್ಲಿ ಶುರುಮಾಡಿದ ಇದರ ದತ್ತಾಂಶ, 2001ರಲ್ಲಿ ಸ್ಥಾಪನೆಯಾಗಿ ಕೋಪನ್‌ಹೇಗನ್‌ನಲ್ಲಿ ಕಚೇರಿ ಹೊಂದಿರುವ ಜಿಬಿಐಎಫ್ ಎಂಬ ಜಾಗತಿಕ ಭಂಡಾರಕ್ಕೂ ಸೇರುತ್ತದೆ. ನಿಂತಲ್ಲೇ ಎಣಿಸಿದ್ದರೆ ‘ಸ್ಟೇಷನರಿ’, ನಡೆಯುತ್ತ ಎಣಿಸಿದ್ದರೆ ‘ಟ್ರಾವೆಲಿಂಗ್’, ಶುರುವಾದ ಹೊತ್ತು, ಹಿಡಿದ ನಿಮಿಷ, ನಡೆದ ದೂರ. ಕಂಡು ಗುರುತಿಸಿದ ಎಲ್ಲ ಜಾತಿಯನ್ನೂ ಬರೆದಿದ್ದರೆ ಮಾತ್ರ ‘ಪೂರ್ಣ ಪಟ್ಟಿ’ ಎಂದು ಒಪ್ಪಿಕೊಳ್ಳಿ. ಕಾಗೆ, ಗುಬ್ಬಿ ಬಿಟ್ಟಿದ್ದರೆ ಅದು ಪೂರ್ಣ ಪಟ್ಟಿಯಲ್ಲ. ಸಂಖ್ಯೆಯ ಜಾಗದಲ್ಲಿ ‘ಎಕ್ಸ್’ ಹಾಕಿದರೆ ಹಕ್ಕಿ ಇತ್ತು ಎಂದಷ್ಟೇ ಅರ್ಥ. ಒಟ್ಟು ಲೆಕ್ಕಕ್ಕೆ ಅದು ಸೊನ್ನೆಗೂ ಉಪಯೋಗವಿಲ್ಲ. ಒಂದೇ ತಂಡದ ಐವರು ಐದು ಪಟ್ಟಿ ಹಾಕಬಾರದು. ಒಬ್ಬರು ಹಾಕಿ ಉಳಿದವರ ಜೊತೆ ಹಂಚಿಕೊಳ್ಳಬೇಕು.

ಎರಡು ತಪ್ಪುಗಳು ನಮ್ಮ ಕಡೆ ಪದೇ ಪದೇ ಆಗುತ್ತವೆ. ಹೆಸರು ಹುಡುಕಿ ಜಾಗ ಆರಿಸಿದರೆ ಬೆಂಗಳೂರಿನ ಪಕ್ಕದ ಮಾಗಡಿ ಮೊದಲು ಬರುವ ಸಂಭವ ಹೆಚ್ಚು, ಹೆಬ್ಬಾತುಗಳ ಹಿಂಡು ಕೆಂಪೇಗೌಡರ ಸೀಮೆಗೆ ಹಾರಿಬಿಡುತ್ತದೆ. ನಕ್ಷೆಯಲ್ಲಿ, ಎಲ್ಲರೂ ಬಳಸಲೆಂದು ಗುರುತಿಸಿಟ್ಟ, ಗದಗ ಜಿಲ್ಲೆಯ ಹಾಟ್‌ಸ್ಪಾಟನ್ನೇ ಬೆರಳಿಟ್ಟು ಆರಿಸಿ. ಇನ್ನೊಂದು ತಾರೀಖು. ಎಕ್ಸೆಲ್ ಹಾಳೆಯಿಂದ ಒಟ್ಟಿಗೆ ಏರಿಸುವಾಗ ಇ-ಬರ್ಡ್ ಮೊದಲು ತಿಂಗಳು, ಆಮೇಲೆ ದಿನ ಓದುತ್ತದೆ. ನಮ್ಮ ರೂಢಿಯಂತೆ ಜನವರಿ 5 ಅನ್ನು 05/01 ಎಂದು ಬರೆದರೆ ಅದು ಮೇ 1 ಆಗುತ್ತದೆ. ಮೇ ತಿಂಗಳ ಉರಿಬಿಸಿಲಲ್ಲಿ ಮೂರು ಸಾವಿರ ಹೆಬ್ಬಾತು ಎಂದರೆ ಪರಿಶೀಲಕರು ತಡೆಹಿಡಿಯದೆ ಇನ್ನೇನು ಮಾಡಿಯಾರು.

ಪರಿಶೀಲಕರಿಂದ ಮೇಲ್ ಬಂದರೆ ಸಿಟ್ಟು ಮಾಡಿಕೊಳ್ಳಬೇಡಿ. ಯಾರು ಎಣಿಸಿದರು, ಯಾವ ಗುಂಪು ಲೆಕ್ಕದಲ್ಲಿ, ಫೋಟೋ ಇದೆಯೋ ಎಂಬುದನ್ನು ಟಿಪ್ಪಣಿಯಲ್ಲಿ ಮೊದಲೇ ಬರೆದಿದ್ದರೆ ಬಹಳಷ್ಟು ಪ್ರಶ್ನೆ ಏಳುವುದೇ ಇಲ್ಲ.

ಇ-ಬರ್ಡ್ ಪಟ್ಟಿ ಒಂದೇ ಸಾಲದು, ಕೆರೆಯ ಸ್ಥಿತಿಯ ನಮೂನೆಯನ್ನೂ ತುಂಬಿ ಸಂಯೋಜಕರಿಗೆ ಕಳಿಸಬೇಕು. ನೀರು ಎಷ್ಟಿದೆ, ಕೆರೆಯ ಎಷ್ಟು ಪಾಲು ನೋಡಿದಿರಿ, ಹೂಳು, ಒತ್ತುವರಿ, ಮೀನುಬಲೆ, ಬೀದಿನಾಯಿ, ಊರಿನ ಕೊಳಚೆ. ಬಹಳ ನಮೂನೆಗಳಲ್ಲಿ ಇಲ್ಲಿ ‘ತೊಂದರೆ ಏನೂ ಇಲ್ಲ’ ಎಂದಿರುತ್ತದೆ, ಬೇಗ ಮುಗಿಸಿ ಮನೆಗೆ ಹೋಗುವ ಆತುರಕ್ಕೆ. ರಾಮ್ಸಾರ್ ಒಪ್ಪಂದದ 3.2ನೇ ವಿಧಿಯ ಪ್ರಕಾರ ತಾಣದ ಸ್ವರೂಪ ಕೆಡುತ್ತಿದ್ದರೆ ಅದನ್ನು ಸರ್ಕಾರವೇ ತಿಳಿಸಬೇಕು. ಪ್ರತಿ ಆರು ವರ್ಷಕ್ಕೊಮ್ಮೆ ಮಾಹಿತಿ ಪತ್ರವನ್ನೂ ಹೊಸದು ಮಾಡಬೇಕು. ತೀರಾ ಕೆಟ್ಟ ತಾಣಗಳು ಮಾಂಟ್ರೋ ದಾಖಲೆಗೆ ಹೋಗುತ್ತವೆ. ಭಾರತದ ಕೇವಲಾದೇವ್ ಮತ್ತು ಲೋಕ್ತಕ್ ಅದರಲ್ಲಿವೆ. ಚಿಲಿಕಾ ಸುಧಾರಿಸಿ 2002ರಲ್ಲಿ ಹೊರಬಂತು. ವರ್ಷವರ್ಷದ ನಮೂನೆಯಲ್ಲಿ ಏನೂ ಬರೆಯದೆ ಇದ್ದರೆ, ಕೆರೆ ಕೆಟ್ಟಿತು ಎಂದು ತೋರಿಸಲು ಹಿಂದಿನ ಆಧಾರವೇ ಇರುವುದಿಲ್ಲ. ತೂಬಿನ ಬಳಿ ಒಂದೇ ಜಾಗದಿಂದ, ಒಂದೇ ದಿಕ್ಕಿಗೆ ಪ್ರತಿ ವರ್ಷ ಒಂದು ಫೋಟೋ ತೆಗೆದು ಲಗತ್ತಿಸಿ.

ಶೇಕಡಾ ಒಂದರ ಲೆಕ್ಕ

ರಾಮ್ಸಾರ್‌ನ ಒಂಬತ್ತು ಮಾನದಂಡಗಳಲ್ಲಿ ನಮ್ಮಂಥ ಸಣ್ಣ ಕೆರೆಗಳಿಗೆ ಹೆಚ್ಚು ಒದಗುವುದು ಆರನೆಯದು: ಒಂದು ಜಲಪಕ್ಷಿ ಜಾತಿಯ ಒಟ್ಟು ಸಂಖ್ಯೆಯ ಶೇ. 1ರಷ್ಟು ಆ ಕೆರೆಗೆ ತಪ್ಪದೆ ಬರಬೇಕು. ಐದನೆಯದು 20,000 ಜಲಪಕ್ಷಿ ಕೇಳುತ್ತದೆ, ಅದು 50 ಹೆಕ್ಟೇರಿನ ಕೆರೆಗೆ ದೂರದ ಮಾತು. ಪ್ರತಿ ಜಾತಿಯ ಶೇ. 1 ಎಷ್ಟು ಎಂಬುದು ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್‌ನ ವಾಟರ್‌ಬರ್ಡ್ ಪಾಪ್ಯುಲೇಷನ್ಸ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಅಂದಾಜು ಪರಿಷ್ಕರಣೆಯಾದಾಗ ಈ ಅಂಕಿಯೂ ಬದಲಾಗುವುದರಿಂದ ಹಳೆಯ ವರದಿಯಿಂದ ಎತ್ತಿಕೊಳ್ಳಬೇಡಿ.

‘ತಪ್ಪದೆ’ ಎಂಬುದಕ್ಕೂ ಅಳತೆ ಇದೆ. ಸರಿಯಾದ ಮಾಹಿತಿ ಇರುವ ಕನಿಷ್ಠ ಮೂರು ಋತುಗಳಲ್ಲಿ ಮೂರನೇ ಎರಡು ಪಾಲಿನಷ್ಟರಲ್ಲಿ ಆ ಸಂಖ್ಯೆ ಬಂದಿರಬೇಕು. ಇಲ್ಲವೇ ಕನಿಷ್ಠ ಐದು ವರ್ಷಗಳ ಗರಿಷ್ಠ ಎಣಿಕೆಗಳ ಸರಾಸರಿ ಅಷ್ಟಿರಬೇಕು. ಉದಾಹರಣೆಗೆ ಕಾಲ್ಪನಿಕ ಅಂಕಿಗಳನ್ನು ಹಿಡಿದರೆ, ಐದು ವರ್ಷಗಳ ಗರಿಷ್ಠ 3,200, 2,800, 900, 4,100, 3,000. ಕೂಡಿದರೆ 14,000, ಸರಾಸರಿ 2,800. ಕೆರೆ ಬತ್ತಿದ ಮೂರನೆಯ ವರ್ಷ ‘ಹಕ್ಕಿಯೇ ಇಲ್ಲ, ಯಾಕೆ ಹೋಗೋಣ’ ಎಂದು ಬಿಟ್ಟರೆ ಉಳಿದ ನಾಲ್ಕರ ಸರಾಸರಿ 3,275 ಆಗುತ್ತದೆ. ಅದು ಸುಳ್ಳು ಲೆಕ್ಕ. ಮೇಲಾಗಿ ಐದು ವರ್ಷವೂ ತುಂಬಲಿಲ್ಲ. ಬತ್ತಿದ ಕೆರೆಗೂ ಹೋಗಿ, ಹಕ್ಕಿಯೇ ಇಲ್ಲದಿದ್ದರೆ ಸೊನ್ನೆ ಬರೆದು ಬನ್ನಿ.

ಒಳ್ಳೆ ಮಳೆಯಾದ ವರ್ಷ ಇನ್ನೊಂದು ತಾಪತ್ರಯ. ಸುತ್ತಲಿನ ಶೆಟ್ಟಿಕೆರೆಯಂಥ ಕೆರೆಗಳೂ ತುಂಬಿರುತ್ತವೆ, ಹಕ್ಕಿಗಳು ಹರಡಿಕೊಳ್ಳುತ್ತವೆ, ಮಾಗಡಿಯಲ್ಲಿ ಸಂಖ್ಯೆ ಇಳಿಯುತ್ತದೆ. ಒಂದೇ ಕೆರೆ ನೋಡಿದವರಿಗೆ ಹಕ್ಕಿ ಕಡಿಮೆಯಾದಂತೆ ಕಾಣುತ್ತದೆ. ಗದಗ, ಹಾವೇರಿ, ಧಾರವಾಡದ ಕೆರೆಗಳನ್ನು ಒಂದೇ ದಿನ, ಒಂದೇ ಹೊತ್ತಿಗೆ ಬೇರೆ ಬೇರೆ ತಂಡಗಳು ಎಣಿಸಿದರೆ ಈ ಗೊಂದಲ ಬಗೆಹರಿಯುತ್ತದೆ. ಎಲ್ಲರೂ ಮಾಗಡಿಗೇ ಹೋಗಿ ಫೋಟೋ ತೆಗೆದುಕೊಳ್ಳುವುದು ಗಣತಿಯಲ್ಲ, ಜಾತ್ರೆ.

ನೀರಿಲ್ಲದ ಕಡೆ

ಹುಲ್ಲುಗಾವಲು ಮತ್ತು ಕುರುಚಲು ಕಾಡಿಗೆ ಇಷ್ಟು ಗಟ್ಟಿಯಾದ ಗಣತಿ ವ್ಯವಸ್ಥೆ ಇಲ್ಲ. ರಾಣೆಬೆನ್ನೂರಿನ 119 ಚದರ ಕಿ.ಮೀ. ಅಭಯಾರಣ್ಯ 1974ರಲ್ಲಿ ಆದದ್ದು ಕೃಷ್ಣಮೃಗಗಳಿಗೆ. ಕೃಷ್ಣಮೃಗ ಉಳಿದವು, 2017ರಲ್ಲಿ ಕೆಂಪು ಪಟ್ಟಿಯಲ್ಲಿ ‘ಕಡಿಮೆ ಕಾಳಜಿ’ಗೆ ಇಳಿದವು ಕೂಡ. ಅಲ್ಲಿದ್ದ ದೊರವಾಯನ ಹಕ್ಕಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಈಗಿಲ್ಲ. 2011ರಿಂದ ಅದು ‘ತೀವ್ರ ಅಪಾಯದ’ ವರ್ಗದಲ್ಲಿದೆ. ಬಯಲಿನಲ್ಲಿ ನೀಲಗಿರಿ ನೆಟ್ಟರೆ ಉಪಗ್ರಹದ ಚಿತ್ರದಲ್ಲಿ ಹಸಿರು ಹೆಚ್ಚಿದಂತೆಯೇ ಕಾಣುತ್ತದೆ, ಬಯಲಿನ ಹಕ್ಕಿಗೆ ಮಾತ್ರ ಅದು ಗೋಡೆ. ಹುಲ್ಲುಗಾವಲಿನ ವರದಿ ಬರೆಯುವಾಗ ‘ಮರಗಳ ಹೊದಿಕೆ’ ಎಂಬ ಅಂಕಣದ ಪಕ್ಕ ಯಾವ ಮರ, ನೆಟ್ಟದ್ದೋ ತಾನಾಗಿ ಬೆಳೆದದ್ದೋ ಎಂದು ಬರೆಯಲೇಬೇಕು.

2019ರಲ್ಲಿ ವನ್ಯಜೀವಿ ಧಾಮವಾದ, ಸುಮಾರು 244 ಚದರ ಕಿ.ಮೀ.ನ ಕಪ್ಪತಗುಡ್ಡದಲ್ಲಿ ಸಸ್ಯಗಳಿಗೆ, ಫೋಟೋ ಹಾಕಿ ಹೆಸರು ಗುರುತಿಸುವ ಜಾಲತಾಣವಾದ ಐ-ನ್ಯಾಚುರಲಿಸ್ಟ್ ಒಳ್ಳೆಯ ಸಾಧನ. ಒಂದು ಗಿಡಕ್ಕೆ ನಾಲ್ಕು ಫೋಟೋ: ಇಡೀ ಗಿಡ, ಎಲೆಯ ಮೇಲ್ಭಾಗ, ಎಲೆಯ ಅಡಿಭಾಗ, ಹೂವು ಅಥವಾ ಕಾಯಿ. ಬರೀ ಹೂವಿನ ಚಂದದ ಫೋಟೋದಿಂದ ಬಹಳ ಸಲ ಗುರುತು ಸಿಗುವುದಿಲ್ಲ. ದಿನ, ಜಾಗ, ಫೋಟೋ ಇದ್ದು, ಗುರುತಿಸಿದವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದರೆ ಅದು ‘ರಿಸರ್ಚ್ ಗ್ರೇಡ್’, ಅಂದರೆ ಸಂಶೋಧನೆಗೆ ಒದಗುವ ದರ್ಜೆಯದು, ಆಗುತ್ತದೆ. ಆದರೂ ನಿಮ್ಮ ಖಾತೆಯಲ್ಲಿ ‘ಎಲ್ಲ ಹಕ್ಕು ಕಾಯ್ದಿರಿಸಿದೆ’ ಎಂದಿದ್ದರೆ ಅದು ಜಿಬಿಐಎಫ್‌ಗೆ ಹೋಗುವುದಿಲ್ಲ. ಇತರರಿಗೂ ಬಳಸಲು ಬಿಡುವ, ಜಿಬಿಐಎಫ್ ಒಪ್ಪುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬದಲಿಸಿ. ನೆಟ್ಟ ಗಿಡವಾದರೆ ಹಾಗೆಂದು ಗುರುತು ಹಾಕಿ. ಕಳ್ಳರ ಕಣ್ಣು ಬೀಳುವ ಔಷಧಿ ಗಿಡ, ಗೂಡು, ಕಾಡುಪಾಪ ಇವುಗಳ ಜಾಗವನ್ನು ‘ಅಬ್ಸ್ಕ್ಯೂರ್ಡ್’ ಮಾಡಿ, ನಕ್ಷೆಯಲ್ಲಿ ಬಿಂದು ಮಸುಕಾಗುತ್ತದೆ.

ಸಾಕಿದ ಜೀವಗಳಿಗೂ ಜಾಗತಿಕ ಕಡತವಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ಧಾರವಾಡಿ ಎಮ್ಮೆ ಈಗ ಅಧಿಕೃತವಾಗಿ ನೋಂದಣಿಯಾದ ತಳಿ. ಇಂಥ ತಳಿಗಳ ಸಂಖ್ಯೆಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಡ್ಯಾಡ್-ಇಸ್ ಎಂಬ ಕೋಶದಲ್ಲಿ ಇಡುತ್ತದೆ. ಜಾನುವಾರು ಗಣತಿಯವರು ಮನೆಗೆ ಬಂದಾಗ ‘ಎಮ್ಮೆ, ಎರಡು’ ಎಂದು ಬರೆಸಿ ಕಳಿಸದೆ ತಳಿಯ ಹೆಸರನ್ನೂ ಬರೆಸಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಜನತಾ ದಾಖಲೆಯಲ್ಲೂ ಅದು ಇರಲಿ.

ಹಣದ ನೆರವು

ಜಾಗತಿಕ ಪರಿಸರ ನಿಧಿಯ ಸಣ್ಣ ಅನುದಾನ ಯೋಜನೆ 1992ರಿಂದ ಇದೆ, ನಡೆಸುವುದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವಾದ ಯುಎನ್‌ಡಿಪಿ. ವ್ಯಕ್ತಿಗಳಿಗಲ್ಲ, ನೋಂದಾಯಿತ ಸಂಘಗಳಿಗೆ. ಸಂಘದ ಕಡೆಯಿಂದಲೂ ಹಣವೋ ಶ್ರಮವೋ ಪಾಲು ಇರಬೇಕು. ಅರ್ಜಿಗಳು ಬಿದ್ದುಹೋಗುವುದು ‘ಜಾಗೃತಿ ಮೂಡಿಸುವುದು’ ಎಂಬ ಒಂದೇ ಸಾಲಿನಲ್ಲಿ. ಕೆರೆಯ ಐದು ವರ್ಷದ ಎಣಿಕೆ, ಈಗಿನ ತೊಂದರೆ, ಮೂರು ವರ್ಷದ ನಂತರ ಯಾವ ಅಂಕಿ ಎಷ್ಟು ಬದಲಾಗಬೇಕು ಎಂದು ಬರೆದರೆ ಓದುವವರು ನಿಲ್ಲುತ್ತಾರೆ. ಏರಿಯ ಮೇಲಿನ ವಹಿ ಇಲ್ಲಿ ದುಡಿಯುತ್ತದೆ.

ಖಾಸಗಿ ವಿದೇಶಿ ಪ್ರತಿಷ್ಠಾನಗಳ ಹಣಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಕಡ್ಡಾಯ. ನೋಂದಣಿಗೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ತನ್ನ ಉದ್ದೇಶಕ್ಕೆ ಖರ್ಚು ಮಾಡಿರಬೇಕು. ಹಣ ಮೊದಲು ಬೀಳುವುದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಒಂದು ಸಂಘ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವಂತಿಲ್ಲ, ‘ನಮ್ಮ ಖಾತೆಗೆ ತರಿಸಿ ನಿಮಗೆ ಕೊಡುತ್ತೇವೆ’ ಎನ್ನುವವರ ಮಾತಿಗೆ ಹೂಂ ಅನ್ನಬೇಡಿ. ವಿಶ್ವಸಂಸ್ಥೆ ಮತ್ತು ಅದರ ಅಂಗಸಂಸ್ಥೆಗಳು ಈ ಕಾನೂನಿನಲ್ಲಿ ‘ವಿದೇಶಿ ಮೂಲ’ವಲ್ಲ. ಆದರೂ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಲೆಕ್ಕಪರಿಶೋಧಕರಿಗೆ ತೋರಿಸಿ.

ಕೊರಳಪಟ್ಟಿ ಕಂಡರೆ

ಮಂಗೋಲಿಯಾದಲ್ಲಿ ಕೊರಳಿಗೆ ಬಣ್ಣದ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದಿದೆ. ಕಂಡರೆ ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಅಕ್ಷರ ಮತ್ತು ಅಂಕಿ, ಓದುವ ದಿಕ್ಕು, ಜೊತೆಯಲ್ಲಿ ಎಷ್ಟು ಹಕ್ಕಿ ಇದ್ದವು ಎಂಬುದನ್ನು ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಫೋಟೋ ಸಹಿತ ಕಳಿಸಿ. ಒಂದು ಅಕ್ಷರ ಓದಲಾಗದಿದ್ದರೆ ಆ ಜಾಗದಲ್ಲಿ ಗೆರೆ ಎಳೆಯಿರಿ; 0 ಮತ್ತು ಓ, 8 ಮತ್ತು ಬಿ ಬೇಗ ಅದಲುಬದಲಾಗುತ್ತವೆ. ಹತ್ತಿರ ಹೋಗಿ ಓದುವ ಆಸೆಗೆ ಹಿಂಡನ್ನು ಎಬ್ಬಿಸಬೇಡಿ. ದಂಡೆಯಲ್ಲಿ ಗರಿ ತಿದ್ದಿಕೊಳ್ಳುತ್ತ ಕೊರಳು ಚಾಚುವವರೆಗೆ ಸ್ಕೋಪ್ ಹಚ್ಚಿ ಕೂತರೆ ಓದಲು ಸಿಗುತ್ತದೆ.